ಪರದೇಶದ ಅಗ್ಗದ ಆಸ್ತಿ

ಭೂಮಿಯ ಮೇಲಿನ ಮಮತೆಯು ನಮ್ಮ ಸೀಮೆಯ ಜನರಿಗೆ ಹುಟ್ಟುಗುಣವಾಗಿದೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ನಾಲ್ಕು ಕಾಸು ಉಳಿಸಿದ ಒಕ್ಕಲಿಗನಾಗಲಿ, ರಾಣೇಬೆನ್ನೂರಿನ ಬೀಜದ ವ್ಯಾಪಾರದಲ್ಲಿ ಲಾಭ ಕಂಡ ಸಾಹುಕಾರನಾಗಲಿ, ಹಾವೇರಿಯ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ನೌಕರನಾಗಲಿ, ಕೈಯಲ್ಲಿ ಹಣವು ಕೂಡಿದೊಡನೆ ಮೊದಲು ನೋಡುವದು ಎರಡೆಕರೆ ಹೊಲವನ್ನು, ಇಲ್ಲವೆ ಊರ ಮಗ್ಗುಲಲ್ಲಿಯ ಒಂದು ನಿವೇಶನವನ್ನು. ಬಂಗಾರವು ಕಳುವಾದೀತು, ಸಾಲ ಕೊಟ್ಟ ಹಣವು ಮುಳುಗೀತು, ಆದರೆ ನೆಲವು ಎಲ್ಲಿಗೆ ಹೋದೀತು ಎಂಬದು ಹಿರಿಯರಿಂದ ನಮಗೆ ಬಂದ ನಂಬಿಗೆಯು.

ಈ ನಂಬಿಗೆಯು ಇತ್ತಿತ್ತಲಾಗಿ ಸಮುದ್ರವನ್ನು ದಾಟಿದೆ. ನಮ್ಮ ತರುಣರು ದುಬೈ, ಮಸ್ಕತ್, ಅಮೇರಿಕೆ ಮೊದಲಾದ ಕಡೆಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅಲ್ಲಿ ಮನೆಗಳ ಬೆಲೆಯು ಕುಸಿದಾಗಲೆಲ್ಲ, “ಪೇಟೆ ಬಿದ್ದಿದೆ, ಈಗ ಕೊಂಡವನೇ ಜಾಣನು” ಎಂಬ ಪ್ರಕಟಣೆಗಳು ಅವರ ಕಣ್ಣಿಗೆ ಬೀಳುತ್ತವೆ. ಕ್ರಿಕೆಟ್ ಆಟದ ಮೂಲಕ ಮಾತ್ರ ನಾವು ಹೆಸರು ಕೇಳಿದ ಬಾರ್ಬಡೋಸ್, ಅಂಟಿಗುವಾ ಮೊದಲಾದ ಕೆರಿಬಿಯನ್ ದ್ವೀಪಗಳ ಸಮುದ್ರತೀರದ ಮನೆಗಳ ಚಿತ್ರಗಳು ಸಹ ಈಗ ಹಳ್ಳಿಯ ಹುಡುಗನ ಅಂಗೈಯೊಳಗಿನ ಫೋನಿಗೆ ಬಂದು ಕೂಡ್ರುತ್ತವೆ. ಆಗ ಊರಿಗೆ ಕರೆ ಬರುತ್ತದೆ: “ಅಪ್ಪಾ, ಹೊಲದೊಳಗೆ ಏನು ಉಳಿಯುತ್ತದೆ? ಅದನ್ನು ಮಾರಿದರೆ ಇಲ್ಲಿ ಒಂದು ಮನೆಯಾಗುವದು.” ಇಂಥ ಮಾತಿಗೆ ಒಮ್ಮೆಲೆ ಹೂಂ ಎನ್ನುವದೂ ಸರಿಯಲ್ಲ, ಒಮ್ಮೆಲೆ ಛೀ ಎನ್ನುವದೂ ಸರಿಯಲ್ಲ. ವಿಚಾರಿಸಿ ಉತ್ತರ ಕೊಡುವದು ಗೃಹಸ್ಥನ ಧರ್ಮವು. ಆ ವಿಚಾರಕ್ಕೆ ಸಹಾಯವಾಗಲೆಂದೇ ಈ ಲೇಖವನ್ನು ಬರೆಯುತ್ತಿದ್ದೇನೆ.

ಸಂಸ್ಕೃತದಲ್ಲಿ ‘ಯೋಗಕ್ಷೇಮ’ವೆಂಬ ಶಬ್ದವಿದೆ. ನಾವು ಪತ್ರದ ಮೊದಲಿಗೆ ಅದನ್ನು ಸುಮ್ಮನೆ ಬರೆಯುತ್ತೇವೆ, ಆದರೆ ಅದು ಎರಡು ಅರ್ಥಗಳ ಜೋಡುಶಬ್ದವು. ಇಲ್ಲದ್ದನ್ನು ದೊರಕಿಸುವದು ಯೋಗವು, ದೊರೆತದ್ದನ್ನು ಕಾಪಾಡುವದು ಕ್ಷೇಮವು. ಬೆಲೆಯು ಇಳಿದಾಗ ಆಸ್ತಿಯ ಯೋಗವು ಸುಲಭವಾಗುತ್ತದೆ, ಇದರಲ್ಲಿ ಸಂದೇಹವಿಲ್ಲ. ಆದರೆ ಕ್ಷೇಮವು ಅಗ್ಗವಾಗುವದೋ? ಮನೆಯು ಅರ್ಧ ಬೆಲೆಗೆ ಬಂದಿತೆಂದು ಅದರ ಸುಣ್ಣಬಣ್ಣವು, ವಿಮೆಯು, ಕಾವಲುಗಾರನ ಸಂಬಳವು, ತೆರಿಗೆಯು ಅರ್ಧವಾಗುವವೇ? ಆಗುವದಿಲ್ಲ. ಎಂದ ಬಳಿಕ ಕೊಳ್ಳುವಾಗ ಕೊಟ್ಟ ಹಣಕ್ಕಿಂತಲೂ ಕೊಂಡ ಮೇಲೆ ಕೊಡುತ್ತ ಹೋಗಬೇಕಾದ ಹಣದ ಕಡೆಗೆ ಹೆಚ್ಚು ಲಕ್ಷ್ಯಗೊಡಬೇಕು.

ಒಂದು ಲೆಕ್ಕವನ್ನು ಮಾಡಿ ನೋಡೋಣ. 40 ಲಕ್ಷ ರೂಪಾಯಿಗೆ ಪರದೇಶದಲ್ಲಿ ಒಂದು ಚಿಕ್ಕ ಮನೆ ದೊರೆಯಿತೆಂದೂ, ಅದಕ್ಕೆ ವರ್ಷಕ್ಕೆ 2 ಲಕ್ಷ 40 ಸಾವಿರ ರೂಪಾಯಿ ಬಾಡಿಗೆಯೆಂದೂ ಇಟ್ಟುಕೊಳ್ಳಿರಿ. ಕಟ್ಟಡದ ನಿರ್ವಹಣೆಯ ವರ್ಗಣಿ 60 ಸಾವಿರ, ಬಾಡಿಗೆ ವಸೂಲಿ ಮಾಡುವ ದಲಾಲಿಗೆ 20 ಸಾವಿರ, ವರ್ಷದಲ್ಲಿ ಎರಡು ತಿಂಗಳು ಮನೆ ಖಾಲಿಬಿದ್ದರೆ 40 ಸಾವಿರ. ಉಳಿದದ್ದು 1 ಲಕ್ಷ 20 ಸಾವಿರ. ಅರ್ಥಾತ್ ನೂರಕ್ಕೆ ಮೂರು. ಇಷ್ಟರ ಮೇಲೆ ಬೆಲೆಯು ಮತ್ತೆ ನೂರಕ್ಕೆ ಹತ್ತರಂತೆ ಇಳಿದರೆ 4 ಲಕ್ಷ ಹೋಯಿತು. ಮೂರು ವರ್ಷಕ್ಕೂ ಹೆಚ್ಚಿನ ಬಾಡಿಗೆಯು ಅದರೊಡನೆ ಹೋದಂತಾಯಿತು. ಇವು ಊಹಿಸಿದ ಅಂಕಿಗಳು. ವಾಚಕರು ತಮ್ಮೆದುರಿಗೆ ಬಂದ ನಿಜವಾದ ಅಂಕಿಗಳನ್ನು ಇದೇ ರೀತಿಯಾಗಿ ಬರೆದು ನೋಡತಕ್ಕದ್ದು.

“ಬೆಲೆ ಇಳಿದದ್ದು ಏರಲೇಬೇಕಲ್ಲವೆ?” ಎಂದು ಕೆಲವರು ಕೇಳುವರು. ನಮ್ಮ ಜನರಿಗೆ ಈ ಎಣಿಕೆಯು ಮೆಣಸಿನಕಾಯಿಯ ಪೇಟೆಯಿಂದ ಬಂದದ್ದು. ಬ್ಯಾಡಗಿಯಲ್ಲಿ ದರವು ಬಿದ್ದಾಗ ಅನುಕೂಲವುಳ್ಳವರು ಚೀಲಗಳನ್ನು ಶೀತಲಗೃಹದಲ್ಲಿಟ್ಟು ದಾರಿ ಕಾಯುತ್ತಾರೆ. ಅನುಕೂಲವಿಲ್ಲದವರ ಗತಿಯೇನೆಂಬದನ್ನು 2024ರ ಮಾರ್ಚ 11ರಂದು ನಾವೆಲ್ಲ ಕಂಡೆವು. ದರವು ಕುಸಿದುದರಿಂದ ಸಿಟ್ಟಿಗೆದ್ದ ರೈತರು ಪೇಟೆಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ ದಿನವದು. ಆದರೂ ಮೆಣಸಿನಕಾಯಿಯ ಇಳಿತಕ್ಕೆ ಒಂದು ಮಿತಿಯಿದೆ. ಮುಂದಿನ ವರ್ಷ ಬಿತ್ತಿಗೆಯು ಕಡಿಮೆಯಾಗುವದು, ಮಳೆಯು ಕೈಕೊಡುವದು, ಮಾಲು ತೀರುವದು. ಅಷ್ಟರಲ್ಲಿ ಅಡಿಗೆಗೂ ಬಣ್ಣಕ್ಕೂ ಬೇಕೇಬೇಕಾದ ಪದಾರ್ಥಕ್ಕೆ ದರವು ತಿರುಗಿ ಬರುವದು. ಮನೆಯು ಹಾಗೆ ತಿಂದು ತೀರತಕ್ಕ ಪದಾರ್ಥವಲ್ಲ. ಒಂದು ಸಾರೆ ಹೆಚ್ಚಾಗಿ ಕಟ್ಟಿದ ಮನೆಗಳು ಐವತ್ತು ವರ್ಷ ಹಾಗೆಯೇ ನಿಂತಿರುವವು. ಬೇಡಿಕೆಯು ಅವುಗಳನ್ನು ಮುಟ್ಟುವ ತನಕ ಬೆಲೆಯು ಏರದು.

ದುಬೈಯ ಇತಿಹಾಸವನ್ನೇ ನೋಡಿರಿ. 2002ರಲ್ಲಿ ಅಲ್ಲಿಯ ಅರಸುಮನೆತನವು ಪರದೇಶಸ್ಥರಿಗೆ ಕೆಲವು ಭಾಗಗಳಲ್ಲಿ ಪೂರ್ಣ ಒಡೆತನದಿಂದ ಮನೆ ಕೊಳ್ಳಲು ಅವಕಾಶ ಕೊಟ್ಟಿತು. 2006ರಲ್ಲಿ ನೋಂದಣಿಯ ಕಾಯದೆಯಾಯಿತು. ಕಟ್ಟದ ಮನೆಗಳನ್ನು ನಕಾಶೆಯ ಮೇಲೆಯೇ ಮಾರಿದರು. ಕೊಂಡವರು ಕಟ್ಟುವದರೊಳಗಾಗಿಯೇ ಮತ್ತೊಬ್ಬರಿಗೆ ಮಾರಿದರು. 2008ರ ಕೊನೆಗೆ ಜಗತ್ತಿನಲ್ಲೆಲ್ಲ ಹಣದ ಮುಗ್ಗಟ್ಟು ತಲೆದೋರಲು, ಸ್ವಲ್ಪ ಕಾಲದಲ್ಲಿಯೇ ಬೆಲೆಯು ಸುಮಾರು ಅರ್ಧಕ್ಕೆ ಇಳಿಯಿತು. 2009ರ ನವೆಂಬರ 25ರಂದು ‘ದುಬೈ ವರ್ಲ್ಡ್’ ಎಂಬ ಸರಕಾರೀ ಸಂಸ್ಥೆಯೇ ಸಾಲಗಾರರ ಹತ್ತಿರ ಆರು ತಿಂಗಳ ವಾಯಿದೆಯನ್ನು ಬೇಡಿತು. ಅನೇಕ ಕಟ್ಟಡಗಳು ಅಡಿಪಾಯದಲ್ಲಿಯೇ ನಿಂತುಹೋದವು. ಮುಂದೆ ಬೆಲೆಯು ಏರಿ 2014ರಲ್ಲಿ ಶಿಖರವನ್ನು ಮುಟ್ಟಿತು, ಅಲ್ಲಿಂದ 2020ರ ವರೆಗೆ ಆರು ವರ್ಷ ಸಾವಕಾಶವಾಗಿ ಇಳಿಯುತ್ತ ಹೋಯಿತು, 2021ರಿಂದ ಮತ್ತೆ ಏರಿತು. ಇಳಿದಾಗ ಕೊಂಡವರಲ್ಲಿ ಕೆಲವರಿಗೆ ಲಾಭವಾಯಿತೆಂಬದು ನಿಜವು. ಆದರೆ ಅವರು ಯಾರು? ಕಟ್ಟಿ ಮುಗಿದ ಮನೆಯನ್ನು ಕೊಂಡವರು, ಸಾಲಮಾಡದೆ ಕೊಂಡವರು, ಆರು ವರ್ಷವಾದರೂ ಕಾಯಬಲ್ಲವರು. 2015ರಲ್ಲಿ “ಇನ್ನು ಇಳಿಯಲಿಕ್ಕಿಲ್ಲ” ಎಂದು ನಂಬಿ, ಮಗಳ ಮದುವೆಗಾಗಿ ಕೂಡಿಟ್ಟ ಹಣವನ್ನು ತೊಡಗಿಸಿದವನಿಗೆ 2018ರಲ್ಲಿ ಮುಹೂರ್ತವು ಬಂದಿದ್ದರೆ, ಅವನು ನಷ್ಟದಿಂದಲೇ ಮಾರಬೇಕಾಗುತ್ತಿತ್ತು.

ಇದಲ್ಲದೆ ನಾಣ್ಯದ ಮಾತೊಂದಿದೆ. ದುಬೈಯ ದಿರ್ಹಮ್ ನಾಣ್ಯವು ಅಮೇರಿಕೆಯ ಡಾಲರಿಗೆ ಕಟ್ಟಿದ್ದು. ಒಂದು ಡಾಲರಿಗೆ 3.6725 ದಿರ್ಹಮ್. 2008ರ ಆರಂಭದಲ್ಲಿ ಡಾಲರಿಗೆ ಸುಮಾರು 40 ರೂಪಾಯಿಯಿತ್ತು. 2013ರ ಆಗಸ್ಟದ ಕೊನೆಗೆ ಅದು 68ರ ಹತ್ತಿರ ಹೋಯಿತು. ಅಂದರೆ 10,000 ಡಾಲರಿನ ಕಂತನ್ನು ಕಟ್ಟಲು ಮೊದಲು 4 ಲಕ್ಷ ಬೇಕಾದಲ್ಲಿ, ಐದಾರು ವರ್ಷದ ಮೇಲೆ 6 ಲಕ್ಷ 80 ಸಾವಿರ ಬೇಕಾಯಿತು. ಅಲ್ಲಿಯೇ ದುಡಿದು ಅಲ್ಲಿಯ ನಾಣ್ಯದಲ್ಲಿಯೇ ಕಂತು ಕಟ್ಟುವವನಿಗೆ ಇದರ ಬಾಧೆಯಿಲ್ಲ. ಪೂರ್ತಿ ಹಣ ಕೊಟ್ಟು ಮನೆಯನ್ನು ಹಿಡಿದುಕೊಂಡವನಿಗೆ ರೂಪಾಯಿಯ ಲೆಕ್ಕದಲ್ಲಿ ಲಾಭವೇ ಆಗುವದು. ಆದರೆ ಇಲ್ಲಿಯ ಹೊಲದ ಉತ್ಪನ್ನದಿಂದ ಅಲ್ಲಿಯ ಕಂತನ್ನು ತೀರಿಸುವೆನೆಂಬ ತಂದೆಯು ಎರಡು ಪೇಟೆಗಳ ಏರಿಳಿತಕ್ಕೆ ಏಕಕಾಲದಲ್ಲಿ ತಲೆಕೊಟ್ಟಂತಾಗುವದು: ಮೆಣಸಿನಕಾಯಿಯದೊಂದು, ರೂಪಾಯಿಯದೊಂದು.

ಮನೆಯ ಮಾತು ಹೀಗಾಯಿತು. ಇನ್ನು ಹೊಲದ ಮಾತು. ಪರದೇಶದ ಅಗ್ಗದ ಭೂಮಿಯನ್ನು ಹಿಡಿದ ದೊಡ್ಡ ದೃಷ್ಟಾಂತವು ನಮ್ಮ ಕರ್ನಾಟಕದ್ದೇ ಇದೆ. ಬೆಂಗಳೂರಿನ ‘ಕರುತೂರಿ ಗ್ಲೋಬಲ್’ ಎಂಬ ಮಂಡಳಿಯು ಗುಲಾಬಿ ಹೂವಿನ ವ್ಯಾಪಾರದಲ್ಲಿ ಹೆಸರಾದದ್ದು. ಅದು 2007ರಲ್ಲಿ ಕೆನ್ಯಾ ದೇಶದ ನೈವಾಶಾ ಸರೋವರದ ಹತ್ತಿರ ದೊಡ್ಡ ಹೂದೋಟವನ್ನು ಕೊಂಡಿತು. ಮುಂದೆ ಇಥಿಯೋಪಿಯಾ ದೇಶದ ಗಾಂಬೆಲಾ ಪ್ರಾಂತದಲ್ಲಿ ಒಂದು ಲಕ್ಷ ಹೆಕ್ಟೇರು, ಅಂದರೆ ಸುಮಾರು ಎರಡು ಲಕ್ಷ ನಾಲ್ವತ್ತೇಳು ಸಾವಿರ ಎಕರೆ ಭೂಮಿಯನ್ನು ದೀರ್ಘಕಾಲದ ಲಾವಣಿಗೆ ಹಿಡಿಯಿತು. ಲಾವಣಿಯು ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ಆಗಿನ ದರದಿಂದ ಒಂದು ಡಾಲರಿಗಿಂತ ತುಸು ಹೆಚ್ಚು. ಇಷ್ಟು ಅಗ್ಗದ ಭೂಮಿಯನ್ನು ನಮ್ಮ ಕಡೆಯ ಯಾವ ಒಕ್ಕಲಿಗನು ಕಂಡಿದ್ದಾನೆ? ಆದರೆ 2011ರಲ್ಲಿ ಬಾರೋ ನದಿಯ ನೆರೆಯು ಬಂದು ಗೋವಿನಜೋಳದ ಪೈರನ್ನು ಮುಳುಗಿಸಿಬಿಟ್ಟಿತು. 2014ರಲ್ಲಿ ಕೆನ್ಯಾದ ತೋಟವು ಸಾಲಕೊಟ್ಟ ಬ್ಯಾಂಕಿನವರ ವಶಕ್ಕೆ ಹೋಯಿತು. ಹಿಡಿದ ಭೂಮಿಯಲ್ಲಿ ಅತ್ಯಲ್ಪ ಭಾಗವನ್ನು ಮಾತ್ರ ಸಾಗುಮಾಡಿರುವಿರೆಂದು ಹೇಳಿ, 2015ರ ಡಿಸೆಂಬರದಲ್ಲಿ ಇಥಿಯೋಪಿಯಾದ ಸರಕಾರವು ಲಾವಣಿಯನ್ನೇ ರದ್ದು ಮಾಡಿತು. ಮಂಡಳಿಯು ಇದಕ್ಕೆ ಒಪ್ಪದೆ ವಾದಿಸಿತಾದರೂ ಭೂಮಿಯು ಉಳಿಯಲಿಲ್ಲ.

ಇದರಿಂದ ತಿಳಿಯತಕ್ಕದ್ದೇನು? ನೆಲವು ಅಗ್ಗವಾಗಿರುವದಕ್ಕೆ ಪ್ರತಿಯೊಂದು ಕಡೆಯಲ್ಲಿಯೂ ಒಂದು ಕಾರಣವಿರುತ್ತದೆ. ತುಂಗಭದ್ರೆಯ ದಂಡೆಯ ಯಾವ ಹೊಲಕ್ಕೆ ನೆರೆ ಹತ್ತುವದು, ಯಾವದಕ್ಕೆ ಹತ್ತುವದಿಲ್ಲವೆಂಬದು ಚೌಡದಾನಪುರದ ಕುರಿಕಾಯುವ ಹುಡುಗನಿಗೂ ಗೊತ್ತು. ಬಾರೋ ನದಿಯ ಸ್ವಭಾವವು ಬೆಂಗಳೂರಿನಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಊರಲ್ಲಿ ಹೊಲ ಕೊಳ್ಳುವಾಗ ನಾವು ಕೊಡುವ ಬೆಲೆಯಲ್ಲಿ ಈ ತಿಳಿವಳಿಕೆಯೂ ಕೂಡಿರುತ್ತದೆ. ಪರದೇಶದಲ್ಲಿ ಅದು ನಮಗೆ ಇಲ್ಲ. ದೊಡ್ಡ ಮಂಡಳಿಗೆ ವಕೀಲರೂ ಇಂಜಿನಿಯರರೂ ಇದ್ದು ಹೀಗಾದ ಬಳಿಕ, ನಾಲ್ಕೆಕರೆ ಮಾರಿ ಹೋಗುವ ಸಂಸಾರಿಗನ ಪಾಡೇನು?

ಈಗ ಕೆರಿಬಿಯನ್ ದ್ವೀಪಗಳನ್ನು ನೋಡೋಣ. ಇವು ಅಮೇರಿಕಾ ಖಂಡಗಳ ನಡುವಿನ ಸಮುದ್ರದಲ್ಲಿ ಮಣಿಮಾಲೆಯಂತೆ ಹರಡಿಕೊಂಡಿವೆ. ತೀರದ ಮನೆಗಳನ್ನು ಕೊಳ್ಳುವವರು ಬಹುತರವಾಗಿ ಇಂಗ್ಲೆಂಡ, ಅಮೇರಿಕೆ, ಕೆನಡಾ ದೇಶಗಳ ಶ್ರೀಮಂತರು. 2008ರ ಮುಗ್ಗಟ್ಟಿನಲ್ಲಿ ಅವರು ಹಿಂಜರಿಯಲು ಬೆಲೆಗಳು ಬಿದ್ದವು. ಅಲ್ಲಿಯ ಸ್ಥಳಿಕರ ಗಳಿಕೆಯು ಅಂಥ ಮನೆಗಳಿಗೆ ಸಾಲುವಂಥದಲ್ಲ. ಹೊರಗಿನ ಗಿರಾಕಿಯು ಬಾರದಿದ್ದರೆ ಕೊಳ್ಳುವವರೇ ಇಲ್ಲ. ಬ್ಯಾಡಗಿಯ ಕಾಯಿಗೆ ಒಬ್ಬ ಖರೀದಿದಾರನು ಬಾರದಿದ್ದರೆ ಇನ್ನೊಬ್ಬನು ಬರುವನು. ಮಸಾಲೆಯವನು ಬಿಟ್ಟರೆ ಬಣ್ಣ ತೆಗೆಯುವ ಕಾರಖಾನೆಯವನು ಹಿಡಿಯುವನು. ಒಂದೇ ಬಗೆಯ ಗಿರಾಕಿಯನ್ನು ನಂಬಿದ ಪೇಟೆಯಲ್ಲಿ ಕೊಳ್ಳುವದು ಸುಲಭ, ಮಾರುವದು ಕಠಿಣ.

ಪ್ರಕೃತಿಯ ಕೋಪವೂ ಅಲ್ಲಿ ಹೆಚ್ಚು. ಪ್ರತಿವರ್ಷ ಜೂನ 1ರಿಂದ ನವೆಂಬರ 30ರ ವರೆಗೆ ಚಂಡಮಾರುತದ ಕಾಲವು. 2017ರ ಸೆಪ್ಟೆಂಬರದಲ್ಲಿ ‘ಇರ್ಮಾ’ ಎಂಬ ಚಂಡಮಾರುತವು ಬಾರ್ಬುಡಾ ದ್ವೀಪದ ಬಹುತೇಕ ಎಲ್ಲ ಮನೆಗಳನ್ನೂ ಕೆಡಿಸಿತು; ದ್ವೀಪದ ಜನರನ್ನೆಲ್ಲ ಬೇರೆಡೆಗೆ ಸಾಗಿಸಬೇಕಾಯಿತು. ಅದೇ ತಿಂಗಳಲ್ಲಿ ‘ಮಾರಿಯಾ’ ಎಂಬದು ಡೊಮಿನಿಕಾವನ್ನು ಹಾಳುಗೆಡವಿತು. 2024ರ ಜುಲೈ 1ರಂದು ‘ಬೆರಿಲ್’ ಎಂಬದು ಗ್ರೆನಡಾ ರಾಜ್ಯದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು. ಮಾಂಟ್ಸೆರಾಟ್ ದ್ವೀಪದಲ್ಲಿಯಂತೂ 1995ರಲ್ಲಿ ಜ್ವಾಲಾಮುಖಿಯು ಎಚ್ಚತ್ತು, ರಾಜಧಾನಿಯಾದ ಪ್ಲಿಮತ್ ನಗರವೇ ಬೂದಿಯಲ್ಲಿ ಹೂಳಿಹೋಯಿತು. ನೆಲವು ಎಲ್ಲಿಗೆ ಹೋದೀತೆಂಬ ನಮ್ಮ ಹಿರಿಯರ ಮಾತು ಆ ನಗರದಲ್ಲಿ ನಿಲ್ಲಲಾರದು. ಇಂಥ ಸ್ಥಳದಲ್ಲಿ ವಿಮೆಯಿಲ್ಲದ ಮನೆಯನ್ನು ಮನೆಯೆಂದು ಎಣಿಸಲಾಗದು. ವಿಮೆಯ ಕಂತೋ ಭಾರವಾದದ್ದು.

ಇನ್ನು ಮನುಷ್ಯರ ಮೋಸ. ಇಂಗ್ಲೆಂಡದ ‘ಹಾರ್ಲೆಕ್ವಿನ್’ ಎಂಬ ಮಂಡಳಿಯು ಈ ದ್ವೀಪಗಳಲ್ಲಿ ಕಟ್ಟಲಿರುವ ವಿಹಾರಗೃಹಗಳನ್ನು ನಕಾಶೆ ತೋರಿಸಿ ಮಾರಿತು. ಕೊಳ್ಳುವವರು ಬೆಲೆಯ ನೂರಕ್ಕೆ ಮೂವತ್ತರಷ್ಟನ್ನು ಮುಂಗಡ ಕೊಟ್ಟರು. ಅವರಲ್ಲಿ ಎಷ್ಟೋ ಜನರು ನಿವೃತ್ತಿಕಾಲಕ್ಕೆ ಕೂಡಿಟ್ಟ ಹಣವನ್ನೇ ಕೊಟ್ಟವರು. ಕಟ್ಟಿದ ಮನೆಗಳಾದರೋ ಕೆಲವೇ ಕೆಲವು. ಸುಮಾರು 8,000 ಜನರು 22 ಕೋಟಿ 60 ಲಕ್ಷ ಪೌಂಡಿನಷ್ಟು ಹಣವನ್ನು ಕಳೆದುಕೊಂಡರು. ಮಂಡಳಿಯ ಮುಖ್ಯಸ್ಥನಾದ ಡೇವಿಡ್ ಏಮ್ಸ್ ಎಂಬವನಿಗೆ 2022ರಲ್ಲಿ ಹನ್ನೆರಡು ವರ್ಷ ಕಾರಾಗೃಹ ಶಿಕ್ಷೆಯಾಯಿತು. ಅವನು ಸೆರೆಮನೆಗೆ ಹೋದನು, ಆದರೆ ಹೋದ ಹಣವು ಬಂದಿತೇ? ಬ್ಯಾಡಗಿಯಲ್ಲಿ ಖರೀದಿದಾರನು ಕಾಯನ್ನು ಅಂಗೈಯಲ್ಲಿಟ್ಟು, ಮುರಿದು, ಮೂಸಿ, ತೇವ ನೋಡಿ, ಆಮೇಲೆ ದರವನ್ನು ಬರೆಯುತ್ತಾನೆ. ಒಂದು ಚೀಲಕ್ಕೆ ಇಷ್ಟು ಪರೀಕ್ಷೆ ಮಾಡುವ ನಮ್ಮವರು, ಜನ್ಮದ ಗಳಿಕೆಯನ್ನು ಚಿತ್ರ ನೋಡಿ ಕೊಡುವದು ಆಶ್ಚರ್ಯವೇ ಸರಿ!

ಒಡೆತನದ ಕಾಗದಪತ್ರಗಳ ವಿಷಯವು ಇನ್ನೂ ಸೂಕ್ಷ್ಮವಾದದ್ದು. ನಮ್ಮ ಕಡೆಯ ಹಳೆಯ ದಾನಶಾಸನಗಳಲ್ಲಿ ಭೂಮಿಯ ನಾಲ್ಕೂ ಸೀಮೆಗಳನ್ನು ಕಲ್ಲಿನಲ್ಲಿ ಕೊರೆದು, ಸಾಕ್ಷಿಗಳನ್ನು ಹೆಸರಿಸಿದ್ದುಂಟು. ಇಂದು ಅದೇ ಕೆಲಸವನ್ನು ಪಹಣಿಯೂ, ಋಣಭಾರ ಪತ್ರವೂ, ನೋಂದಣಿ ಕಚೇರಿಯ ಕ್ರಯಪತ್ರವೂ ಮಾಡುತ್ತವೆ. ಇಷ್ಟಿದ್ದೂ ನಮ್ಮ ನ್ಯಾಯಾಲಯಗಳಲ್ಲಿ ಭೂಮಿಯ ವ್ಯಾಜ್ಯಗಳಿಗೆ ಕೊನೆಯಿಲ್ಲ. ಪರದೇಶದಲ್ಲಿ ಒಡೆತನದ ಅರ್ಥವೇ ಬೇರೆಯಿರಬಹುದು. ದುಬೈಯಲ್ಲಿ ಗೊತ್ತುಮಾಡಿದ ಭಾಗಗಳಲ್ಲಿ ಮಾತ್ರ ಪರದೇಶಸ್ಥರಿಗೆ ಪೂರ್ಣ ಒಡೆತನವು. ನೋಂದಣಿಗೆ ಬೆಲೆಯ ನೂರಕ್ಕೆ ನಾಲ್ಕು ಕೊಡಬೇಕು. ಸೇಂಟ್ ಲೂಸಿಯಾ, ಗ್ರೆನಡಾ ಮೊದಲಾದ ದ್ವೀಪಗಳಲ್ಲಿ ಪರದೇಶಸ್ಥನು ಭೂಮಿಯನ್ನು ಹಿಡಿಯಲು ಸರಕಾರದ ಪ್ರತ್ಯೇಕ ಪರವಾನಿಗೆ ಬೇಕು. ಬಾರ್ಬುಡಾದಲ್ಲಂತೂ 2007ರ ಕಾಯದೆಯು ದ್ವೀಪದ ಭೂಮಿಯೆಲ್ಲ ಅಲ್ಲಿಯ ಜನರ ಸಮುದಾಯದ್ದೆಂದು ಹೇಳಿತ್ತು; ಅದರ ಮೇರೆಗೆ ಹೊರಗಿನವನಿಗೆ ಲಾವಣಿಯೊಂದೇ ದಾರಿ. ‘ಕೊಂಡೆನು’ ಎಂಬ ನಮ್ಮ ಒಂದೇ ಮಾತಿಗೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥವಾದದ್ದರಿಂದ, ಮಾರುವವನ ವಕೀಲನನ್ನು ನಂಬದೆ, ಆ ದೇಶದ ಬೇರೊಬ್ಬ ವಕೀಲನಿಗೆ ಫೀ ಕೊಟ್ಟು ಕಾಗದಗಳನ್ನು ಓದಿಸತಕ್ಕದ್ದು. ರಾಣೇಬೆನ್ನೂರಿನ ಬೀಜೋತ್ಪಾದಕ ರೈತರು ಕಂಪನಿಯ ಕರಾರನ್ನು ಅಕ್ಷರ ಬಿಡದೆ ಓದಿಸಿಕೊಂಡೇ ರುಜು ಮಾಡಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆ ಎಚ್ಚರವೇ ಇಲ್ಲಿಯೂ ಬೇಕು.

ನಮ್ಮ ಸರಕಾರದ ನಿಯಮಗಳನ್ನೂ ತಿಳಿದಿರಬೇಕು. ಭಾರತದಲ್ಲಿ ವಾಸಿಸುವ ವ್ಯಕ್ತಿಯು ರಿಜರ್ವ ಬ್ಯಾಂಕಿನ ಉದಾರ ರವಾನೆ ಯೋಜನೆಯ ಮೇರೆಗೆ ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರಿನ ವರೆಗೆ ಪರದೇಶಕ್ಕೆ ಕಳಿಸಬಹುದು. 2015ರಿಂದ ಈ ಮಿತಿಯಿದೆ. ಆ ಹಣದಿಂದ ಮನೆ ಕೊಳ್ಳಲಡ್ಡಿಯಿಲ್ಲ. ಆದರೆ 2013ರ ಆಗಸ್ಟದಲ್ಲಿ ರೂಪಾಯಿಯು ಕುಸಿದಾಗ ಇದೇ ಬ್ಯಾಂಕು ಆಸ್ತಿ ಖರೀದಿಯನ್ನು ನಿಷೇಧಿಸಿ, 2014ರಲ್ಲಿ ತಿರುಗಿ ಬಿಟ್ಟಿತೆಂಬದನ್ನು ನೆನಪಿಡಬೇಕು. ಕಂತುಗಳ ನಡುವೆ ನಿಯಮವು ಬದಲಾದರೆ ಗತಿಯೇನೆಂಬದು ವಿಚಾರಿಸತಕ್ಕ ಮಾತು. ಇಂಥ ರವಾನೆಗಾಗಿ ಇಲ್ಲಿಯ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. 2025ರ ಎಪ್ರಿಲದಿಂದ, ವರ್ಷದಲ್ಲಿ 10 ಲಕ್ಷ ರೂಪಾಯಿಯ ಮೇಲಿನ ಇಂಥ ರವಾನೆಗೆ ನೂರಕ್ಕೆ ಇಪ್ಪತ್ತರಂತೆ ತೆರಿಗೆಯನ್ನು ಮುಂಚಿತವಾಗಿ ಹಿಡಿಯುತ್ತಾರೆ. 50 ಲಕ್ಷ ಕಳಿಸಿದರೆ 8 ಲಕ್ಷ. ಇದು ಆದಾಯ ತೆರಿಗೆಯಲ್ಲಿ ವಜಾ ಆಗುವದು, ಇಲ್ಲವೆ ಲೆಕ್ಕಪತ್ರ ಸಲ್ಲಿಸಿದ ಮೇಲೆ ತಿರುಗಿ ಬರುವದು. ಅಲ್ಲಿಯ ವರೆಗೆ ಹಣವು ಸಿಕ್ಕಿಬಿದ್ದಿರುವದು. ಕೊಂಡ ಮನೆಯನ್ನು ಪ್ರತಿವರ್ಷ ಆದಾಯ ತೆರಿಗೆಯ ಪತ್ರದಲ್ಲಿ ಕಾಣಿಸಲೇಬೇಕು. ಮರೆಮಾಚಿದರೆ 2015ರ ಕಪ್ಪುಹಣದ ಕಾಯದೆಯ ಪ್ರಕಾರ 10 ಲಕ್ಷ ರೂಪಾಯಿ ದಂಡವಾಗಬಹುದು. ಹವಾಲೆಯಿಂದ ಹಣ ಕಳಿಸಿ ಆಸ್ತಿ ಮಾಡಿದವನಿಗೆ ಮೂರು ಪಟ್ಟಿನ ವರೆಗೆ ದಂಡವಲ್ಲದೆ, ಅಷ್ಟೇ ಬೆಲೆಯ ಇಲ್ಲಿಯ ಆಸ್ತಿಯ ಜಪ್ತಿಯೂ ಆಗಬಹುದು. ಅಲ್ಲಿಯ ಒಂದು ಮನೆಗಾಗಿ ಇಲ್ಲಿಯ ಹೊಲವು ಹೀಗೆಯೂ ಹೋದೀತು.

ದ್ವೀಪಗಳವರು ಇನ್ನೊಂದು ಆಶೆಯನ್ನು ತೋರಿಸುತ್ತಾರೆ. ಅದೇನಂದರೆ, ಗೊತ್ತುಮಾಡಿದ ಮೊತ್ತದ ಆಸ್ತಿಯನ್ನು ಕೊಂಡವನಿಗೆ ಅಲ್ಲಿಯ ಪೌರತ್ವವನ್ನು ಕೊಡುವದು. ಸೇಂಟ್ ಕಿಟ್ಸ್ ದ್ವೀಪವು 1984ರಲ್ಲಿಯೇ ಈ ಪದ್ಧತಿಯನ್ನು ಆರಂಭಿಸಿತು. ಡೊಮಿನಿಕಾ, ಅಂಟಿಗುವಾ, ಗ್ರೆನಡಾ, ಸೇಂಟ್ ಲೂಸಿಯಾಗಳು ಹಿಂಬಾಲಿಸಿದವು. ಇವುಗಳಲ್ಲಿ ನಾಲ್ಕು ರಾಜ್ಯಗಳು 2024ರಲ್ಲಿ ಕನಿಷ್ಠ ಮೊತ್ತವನ್ನು ಎರಡು ಲಕ್ಷ ಡಾಲರೆಂದು ಒಪ್ಪಂದ ಮಾಡಿಕೊಂಡವು. ಆದರೆ ಭಾರತದ ಕಾನೂನು ಎರಡು ಪೌರತ್ವಗಳನ್ನು ಒಪ್ಪುವದಿಲ್ಲ. ತಾನಾಗಿ ಪರದೇಶದ ಪೌರತ್ವವನ್ನು ಪಡೆದವನ ಭಾರತೀಯ ಪೌರತ್ವವು ಅಲ್ಲಿಗೇ ಮುಗಿಯಿತು. ಅಂಥವನು ಸಾಗರೋತ್ತರ ಭಾರತೀಯನೆಂಬ ಚೀಟಿಯನ್ನು ಪಡೆದರೂ, ಇಲ್ಲಿ ವಾಸದ ಮನೆಯನ್ನು ಕೊಳ್ಳಬಲ್ಲನಲ್ಲದೆ ಸಾಗುವಳಿಯ ಭೂಮಿಯನ್ನು ಕೊಳ್ಳಲಾರನು. ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು, ಹೊಸದಾಗಿ ಒಂದು ಗುಂಟೆ ಹೊಲವನ್ನೂ ಕೊಳ್ಳುವಂತಿಲ್ಲ. ಒಕ್ಕಲಿಗನ ಮಗನು ಈ ಒಂದು ಮಾತನ್ನು ಹತ್ತು ಸಾರೆ ಯೋಚಿಸಬೇಕು.

ಇಷ್ಟು ಹೊರಗಿನ ವಿಚಾರವಾಯಿತು. ಮನೆಯೊಳಗಿನ ವಿಚಾರವು ಇದಕ್ಕೂ ದೊಡ್ಡದು. ಮಾರುವ ಹೊಲವು ಯಾರದು? ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ಗ್ರಂಥವು, ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಹೇಳಿತು. ನಮ್ಮ ನಾಡಿನಲ್ಲಿ ಹುಟ್ಟಿದ ಆ ಶಾಸ್ತ್ರವೇ ಇಂದಿನ ಹಿಂದೂ ಕಾನೂನಿನ ಒಂದು ಬುನಾದಿಯು. 1994ರಲ್ಲಿ ಕರ್ನಾಟಕವೂ, 2005ರಲ್ಲಿ ಕೇಂದ್ರ ಸರಕಾರವೂ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿದವು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಗಳ ಹಕ್ಕೂ ಹುಟ್ಟಿನಿಂದಲೇ ಬಂದದ್ದೆಂದು ನಿರ್ಣಯಿಸಿತು. ಆದುದರಿಂದ ಪರದೇಶದಲ್ಲಿರುವ ಒಬ್ಬ ಮಗನ ಮಾತಿನ ಮೇಲೆ, ಗಂಡನ ಮನೆಯಲ್ಲಿರುವ ಮಗಳನ್ನು ಕೇಳದೆ ಹೊಲ ಮಾರುವದು ಅನ್ಯಾಯವೂ ಅಹುದು, ಅಪಾಯವೂ ಅಹುದು.

ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಗೃಹಸ್ಥರ ಮನೆಯಲ್ಲಿ ಇಂಥ ಪ್ರಸಂಗವು ಬಂದಿತ್ತು. ಮಗನು ದುಬೈಯಲ್ಲಿ ನೌಕರನು. ನಾಲ್ಕೆಕರೆ ಮೆಣಸಿನ ಹೊಲವನ್ನು ಮಾರಿ ಮನೆ ಕೊಳ್ಳಬೇಕೆಂದು ಅವನ ಹಟವು. ಕಾಗದಗಳನ್ನು ಓದಿ ಹೇಳಿರೆಂದು ನನ್ನನ್ನು ಕರೆಸಿದರು. ತಂದೆಯು ಬೆಲೆಯನ್ನು ಕೇಳಿದರು, ಅಳಿಯನು ಬಾಡಿಗೆಯನ್ನು ಕೇಳಿದನು. ಎಲ್ಲರೂ ಸುಮ್ಮನಾದ ಮೇಲೆ ಒಳಗಿನಿಂದ ತಾಯಿಯು ಕೇಳಿದಳು: “ಮಾಸ್ತರ್ರ, ಆ ಮನೀ ಕೀಲಿಕೈ ಯಾರ ಕೈಯಾಗ ಇರತೈತ್ರಿ?” ನಾನು ಓದಿದ ಯಾವ ಕಾಗದದಲ್ಲಿಯೂ ಇದಕ್ಕೆ ಉತ್ತರವಿರಲಿಲ್ಲ. ಮಗನ ನೌಕರಿಯು ಹೋದರೆ ಅವನ ವಾಸದ ಪರವಾನಿಗೆಯು ಹೋಗುವದು. ಅವನು ಊರಿಗೆ ಬಂದರೆ ಮನೆಯು ಪರರ ಕೈಯಲ್ಲಿ. ದೈವವಶಾತ್ ಅವನಿಗೇ ಏನಾದರೂ ಆದರೆ ಸೊಸೆಯು ಯಾವ ಕಚೇರಿಗೆ ಹೋಗಬೇಕು? ಯಾವ ಭಾಷೆಯಲ್ಲಿ ಅರ್ಜಿ ಬರೆಯಬೇಕು?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲದಿಲ್ಲ. ದುಬೈಯಲ್ಲಿ 2015ರಿಂದ ಮುಸಲ್ಮಾನರಲ್ಲದವರು ತಮ್ಮ ಮೃತ್ಯುಪತ್ರವನ್ನು ನೋಂದಾಯಿಸುವ ಪ್ರತ್ಯೇಕ ವ್ಯವಸ್ಥೆಯಿದೆ. ಮುಸಲ್ಮಾನರಲ್ಲದವರ ಕೌಟುಂಬಿಕ ವಿಷಯಗಳಿಗೆ ಬೇರೊಂದು ಕಾಯದೆಯು 2023ರ ಫೆಬ್ರುವರಿಯಿಂದ ಜಾರಿಯಲ್ಲಿ ಬಂದಿದೆ. ಆದರೆ ಮೃತ್ಯುಪತ್ರವನ್ನು ಬರೆದಿಟ್ಟವನಿಗೆ ಮಾತ್ರ ಆ ದಾರಿಯು ಸುಗಮವು. ಕೊಳ್ಳುವ ದಿನವೇ ಮೃತ್ಯುಪತ್ರ ಬರೆಯುವದು ಅಪಶಕುನವೆಂದು ಎಣಿಸುವವರು ಪರದೇಶದಲ್ಲಿ ಆಸ್ತಿಯನ್ನು ಮಾಡಲೇಬಾರದು.

ಕೊನೆಗೆ ಆ ಕುಟುಂಬವು ಹೊಲವನ್ನು ಮಾರಲಿಲ್ಲ. ಮಗನು ಮೊದಲು ಒಂದೆರಡು ವರ್ಷ ಬಾಡಿಗೆಯ ಮನೆಯಲ್ಲಿಯೇ ಇದ್ದು, ತನ್ನ ಸಂಬಳದ ಉಳಿತಾಯದಿಂದ, ಕಟ್ಟಿ ಮುಗಿದ ಚಿಕ್ಕ ಮನೆಯನ್ನು ನೋಡತಕ್ಕದ್ದೆಂದು ನಿಶ್ಚಯವಾಯಿತು. ಇದು ಹೆದರಿಕೆಯ ನಿರ್ಣಯವಲ್ಲ. ಎಲ್ಲಿಯ ಗಳಿಕೆಯೋ ಅಲ್ಲಿಯ ಆಸ್ತಿ. ಹೀಗಾದರೆ ನಷ್ಟವಾದರೂ ಊರಿನ ಒಲೆಯು ಆರುವದಿಲ್ಲ.

ಪರದೇಶದಲ್ಲಿ ಆಸ್ತಿಯನ್ನೇ ಮಾಡಬಾರದೆಂದು ನಾನು ಹೇಳುವದಿಲ್ಲ. ಅಲ್ಲಿಯೇ ನೆಲೆನಿಂತು, ಅಲ್ಲಿಯ ನಾಣ್ಯದಲ್ಲಿ ಗಳಿಸಿ, ಕಣ್ಣಾರೆ ಕಂಡ ಕಟ್ಟಡದಲ್ಲಿ, ತಾನೇ ವಾಸಿಸಲಿಕ್ಕೆಂದು ಕೊಳ್ಳುವವನಿಗೆ ಇಳಿದ ಪೇಟೆಯು ನಿಜವಾಗಿಯೂ ಸಹಾಯಕವು. ಉಳಿದವರು ಕೊಳ್ಳುವ ಮೊದಲು ಮನೆಮಂದಿಯನ್ನೆಲ್ಲ ಕೂಡ್ರಿಸಿಕೊಂಡು ಐದು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಡಲಿ. ಮೊದಲನೆಯದು, ಇದು ಯಾಕೆ ಅಗ್ಗವಾಗಿದೆ? ಎರಡನೆಯದು, ನಾಳೆ ಮಾರಬೇಕಾದರೆ ಕೊಳ್ಳುವವರು ಯಾರು? ಮೂರನೆಯದು, ಹತ್ತು ವರ್ಷ ಬಾಡಿಗೆ ಬಾರದಿದ್ದರೂ ಇದರ ವೆಚ್ಚವನ್ನು ಹೊರಬಲ್ಲೆವೋ? ನಾಲ್ಕನೆಯದು, ಹಣವು ಬ್ಯಾಂಕಿನ ಮೂಲಕ, ನಿಯಮದ ಮೇರೆಗೆ ಹೋಗುವದೋ? ಐದನೆಯದು, ಕೊಂಡವನ ತರುವಾಯ ಇದು ಯಾರದು, ಅವರಿಗೆ ಇದರ ಕಾಗದಗಳು ಎಲ್ಲಿವೆಯೆಂಬದು ಗೊತ್ತಿದೆಯೋ? ಐದಕ್ಕೂ ಉತ್ತರವು ದೊರೆತರೆ ಧೈರ್ಯದಿಂದ ಕೊಳ್ಳಲಿ. ಒಂದಕ್ಕಾದರೂ ದೊರೆಯದಿದ್ದರೆ, ಪೇಟೆಯು ಎಷ್ಟೇ ಬಿದ್ದಿರಲಿ, ಆ ಆಸ್ತಿಯು ತಮ್ಮ ಪಾಲಿಗೆ ತುಟ್ಟಿಯೆಂದೇ ತಿಳಿಯಲಿ.